ಹುಣಸೆ ಚಿಗುರಿಗೆ ಹಿಡಿದ ಪಾವು

೧೯೭೮ರ ಮಾರ್ಚ್ ೧೯, ಭಾನುವಾರ, ಬೆಳಗ್ಗೆ ಏಳೂಕಾಲು. ಯಲಹಂಕದ ನಮ್ಮ ಬಾಡಿಗೆ ಮನೆಯ ಒಡತಿಯ ಅಡುಗೆಮನೆಯಲ್ಲಿ ನೋಟುಪುಸ್ತಕ ಹಿಡಿದು ನಿಂತಿದ್ದೆ. ಅವರು ಪಾತ್ರೆಗೆ ಹುಣಸೆ ಚಿಗುರು ಹಾಕಲು ಕೈ ಎತ್ತಿದಾಗಲೆಲ್ಲ ತಡೆದು, ಅದನ್ನು ಪಾವಿನಲ್ಲಿ ಅಳೆದು ವಾಪಸು ಕೊಡುತ್ತಿದ್ದೆ.

“ಏನಮ್ಮಾ, ನನ್ ಕೈನೇ ಅಳೀತೀಯಾ? ಇಂಗಾದ್ರೆ ಸಾರು ಕುದಿಯೋದ್ ಯಾವಾಗ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ವಿಷಮಶೀತ ಜ್ವರದಿಂದ ಎದ್ದ ಅವ್ವ ಇಪ್ಪತ್ತಮೂರು ದಿನದಿಂದ ಬರೀ ಗಂಜಿ ಕುಡಿಯುತ್ತಿದ್ದಳು. ಶುಕ್ರವಾರ ಇವರು ಕಳಿಸಿದ ಒಂದು ಬಟ್ಟಲು ಚಿಗುರಿನ ಸಾರಿನಲ್ಲಿ ಮಾತ್ರ ಒಂದೂವರೆ ಜೋಳದ ರೊಟ್ಟಿ ತಿಂದಿದ್ದಳು. ಯುಗಾದಿಯೊಳಗೆ ಊಟ ಸೇರದಿದ್ದರೆ ತನ್ನನ್ನು ಬಾಗಲಕೋಟೆಯ ತವರಿಗೆ ಕಳಿಸಿಬಿಡಿ ಎಂದು ಅಪ್ಪನಿಗೆ ಹೇಳಿಯೂ ಆಗಿತ್ತು. ಅವ್ವ ಇಲ್ಲದ ಮನೆ ನನಗೆ ಬೇಡವಾಗಿತ್ತು. ಒಡತಿಯೋ ಮಗಳ ಬಾಣಂತನಕ್ಕೆಂದು ಅದೇ ಸಂಜೆ ಕೋಲಾರದ ಕಡೆ ಹೊರಟಿದ್ದರು.

ಬರೆದುಕೊಂಡೆ: ಚಿಗುರು ಒಂದು ಪಾವು, ತೊಗರಿಬೇಳೆ ಅರ್ಧ ಪಾವು, ಹಸಿಮೆಣಸಿನಕಾಯಿ ಆರು, ಬೆಳ್ಳುಳ್ಳಿ ಎಂಟು ಎಸಳು. ಆ ದಿನ ಅವ್ವ ತಿಂದದ್ದು ಎರಡು ರೊಟ್ಟಿ.

ಮಾರ್ಚ್ ೨೬. ಸಂತೆಯಲ್ಲಿ ಕೋಗಿಲು ಹಳ್ಳಿಯಿಂದ ಬರುವ ಅಜ್ಜಿಯ ಬಳಿ ಚಿಗುರು ಕೊಂಡೆ. ಅದೇ ಅಳತೆ, ಅಂಥದ್ದೇ ಪಾತ್ರೆ. ಅವ್ವ ಅರ್ಧ ರೊಟ್ಟಿಗೆ ತಟ್ಟೆ ಸರಿಸಿದಳು. ತಪ್ಪು ನೀರಿನದಿರಬೇಕೆಂದು ವಾರವೆಲ್ಲ ಯೋಚಿಸಿದೆ. ಏಪ್ರಿಲ್ ೨ರಂದು ಬೇರೆ ಬಾವಿಯ ನೀರು ಸೇದಿ ತಂದೆ, ಪಕ್ಕದ ಮನೆಯಿಂದ ಮಣ್ಣಿನ ಮಡಕೆ ಬೇಡಿ ತಂದೆ, ಬೆಳ್ಳುಳ್ಳಿ ಎಸಳನ್ನು ಎರಡು ಸಲ ಎಣಿಸಿದೆ.

ಅವ್ವ ಒಂದು ತುತ್ತು ತಿಂದು ಮುಖ ಕಿವುಚಿದಳು. “ಇದೇನ್ ಸಾರೋ, ಚರ್ಮ ಹದಾ ಮಾಡೋ ನೀರೋ? ನಾಲಿಗಿ ಹಿಡದ ಜಗ್ಗತೈತಿ. ಪುಸ್ತಕಾ ನೋಡ್ಕೋಂತ ಅಡಗಿ ಮಾಡಿದ್ರ ಹಿಂಗ ಆಗೋದು.”

ಪುಸ್ತಕವನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ. ಕಾಲು ರೊಟ್ಟಿ ಎಂದು ಬರೆದೆ.

ಏಪ್ರಿಲ್ ೯, ಯುಗಾದಿಯ ಮರುದಿನ. ಅಪ್ಪ ಸಂಜೆಯ ರೈಲಿಗೆ ಟಿಕೆಟ್ ತಂದಾಗಿತ್ತು. ಇನ್ನೊಂದು ಸಲ ಮಾಡಿ ನೋಡೋಣವೆಂದು ಸಂತೆಗೆ ಓಡಿದೆ. ಮೂವತ್ತೊಂದು ಗುಡ್ಡೆ ಸೊಪ್ಪು ನೋಡಿದೆ, ಒಂದರಲ್ಲೂ ಚಿಗುರಿಲ್ಲ. ಕೋಗಿಲಿನ ಅಜ್ಜಿಯ ಮುಂದೆ ಆಗಲೇ ಮಾವಿನಕಾಯಿ ರಾಶಿ.

“ಮುಗೀತು ಕಣಮ್ಮ. ಇನ್ ಬರೋ ವರ್ಸ.”

ಅಳು ಬರುವಂತಾಗಿ, ಒಡತಿಯ ಕೈಯಲ್ಲಿ ರುಚಿಯಾಗಿದ್ದ ಸಾರು ಅದೇ ಒಂದು ಪಾವು ಹಾಕಿಯೂ ನನ್ನ ಕೈಯಲ್ಲಿ ಎರಡು ವಾರ ಕೆಟ್ಟದ್ದನ್ನು ಹೇಳಿಕೊಂಡೆ.

“ಆಯಮ್ಮ ಮಾಡಿದ್ ವಾರ ಕೆಂಪಗೆ ಎಳೇದಿತ್ತು. ಆಮೇಲೆ ಅಸ್ರಾಗಿ ಬಲ್ತೋಯ್ತು. ಎರಡ್ಕೂ ಒಂದೇ ಪಾವು ಆಕಿದ್ರೆ ಒಗರಾಗ್ದೆ ಇನ್ನೇನಾಯ್ತದೆ? ಬಾಯಾಗ್ ಇಟ್ಟು ನೋಡ್ಲಿಲ್ವಾ ನೀನು?”

ನೋಡಿರಲಿಲ್ಲ. ಮೂರು ವಾರದಲ್ಲಿ ಒಂದು ಎಲೆಯನ್ನೂ ಬಾಯಿಗಿಟ್ಟಿರಲಿಲ್ಲ. ಬಣ್ಣ ಯಾವುದೆಂದೂ ಬರೆದಿರಲಿಲ್ಲ. ಅಜ್ಜಿ ಕುಕ್ಕೆಯ ತಳದಲ್ಲಿ ಅಂಟಿಕೊಂಡಿದ್ದ ಒಂದು ಕಡ್ಡಿ ಬಲಿತ ಚಿಗುರು ಹೆಕ್ಕಿ ಕೊಟ್ಟರು. ಅದರ ಒಗರು ಮನೆಯವರೆಗೂ ಬಾಯಲ್ಲೇ ಇತ್ತು.

ಸಂಜೆ ಯಶವಂತಪುರ ನಿಲ್ದಾಣದಲ್ಲಿ, ರೈಲಿನ ಕಿಟಕಿಯ ಪಕ್ಕ ಕೂತ ಅವ್ವ ಕೈ ಚಾಚಿದಳು. “ಆ ಮೊದಲನೇ ಸಾರಿಂದು ಬರದಿಟ್ಟೀಯಲ್ಲ, ಒಂದ್ ಚೀಟ್ಯಾಗ ಬರದ ಕೊಡು. ನಮ್ಮ ಕಡೀನೂ ಹುಣಸಿ ಗಿಡ ಅದಾವು.”

ಪುಸ್ತಕ ತೆರೆದೆ. ಕೆಂಪು ಚಿಗುರಿನ ಅಳತೆ ಇತ್ತು, ಆದರೆ ಅವಳು ಊರು ಮುಟ್ಟುವ ಹೊತ್ತಿಗೆ ಯಾವ ಮರದಲ್ಲಿ ಕೆಂಪು ಉಳಿದಿರುತ್ತದೆ?

“ಬಲತ ಚಿಗುರಿಂದು ಬರದಿಲ್ಲವ್ವ,” ಎಂದೆ. “ಅದಕ್ಕ ಈ ಅಳತಿ ತಪ್ಪತೈತಿ.”

“ಅಷ್ಟೊಂದು ಬರದೀ, ಇದನ್ನ ಬಿಟ್ಟೀಯೇನ?” ಎನ್ನುವಷ್ಟರಲ್ಲಿ ರೈಲು ಹೊರಟಿತು.

ಅವ್ವ ಮಳೆಗಾಲಕ್ಕೆ ಸುಧಾರಿಸಿಕೊಂಡು ಬಂದಳು. ಪುಸ್ತಕದ ಆ ಪುಟದಲ್ಲಿ ‘ಹಸಿರಾದ ಚಿಗುರು’ ಎಂದು ಬರೆದು ಮುಂದೆ ಬಿಟ್ಟ ಜಾಗ ಇನ್ನೂ ಖಾಲಿ ಇದೆ. ಕೋಗಿಲು, ಹುಣಸಮಾರನಹಳ್ಳಿ ಕಡೆಯವರು ಯಾರಾದರೂ, ಅರ್ಧ ಪಾವು ಬೇಳೆಗೆ ಬಲಿತ ಚಿಗುರು ಎಷ್ಟು, ಯಾವ ವಾರಕ್ಕೆ ಹಾಕುವುದನ್ನು ನಿಲ್ಲಿಸುತ್ತೀರಿ ಎಂದು ಎರಡು ಸಾಲು ಬರೆದು ಹಾಕಿ. ಬಾಯಿಗಿಟ್ಟು ನೋಡಿಯೇ ಬರೆದುಕೊಳ್ಳುತ್ತೇನೆ.