ಸಿದ್ದಪ್ಪನವರ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದ್ದು

2006ರಲ್ಲಿ ನಾನು ತುರುವೇಕೆರೆಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಟಿವಿ ರಿಪೇರಿ ಅಂಗಡಿ ನಡೆಸುತ್ತಿದ್ದೆ. ರೇಡಿಯೊ, ಟೇಪ್‌ರೆಕಾರ್ಡರುಗಳಿಂದ ಶುರುವಾದ ಕೆಲಸ ಅಷ್ಟು ಹೊತ್ತಿಗೆ ಕಲರ್ ಟಿವಿ, ಡಿವಿಡಿ ಪ್ಲೇಯರುಗಳವರೆಗೆ ಬಂದಿತ್ತು. ಸುತ್ತಲಿನ ತೋಟದ ಮನೆಗಳವರು ಕೆಟ್ಟ ಟಿವಿಯನ್ನು ಕೊಬ್ಬರಿ ಚೀಲದಲ್ಲಿ ಸುತ್ತಿ, ಟಿವಿಎಸ್ ಮೊಪೆಡ್ಡಿನ ಮುಂದೆ ಇಟ್ಟುಕೊಂಡು ತರುತ್ತಿದ್ದರು. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗಿಂದಲೂ ಕೊಬ್ಬರಿ ವಾಸನೆಯೇ.

ನಾನು ಅಂಗಡಿ ತೆರೆದ ಹೊಸತರಲ್ಲಿ ನನ್ನನ್ನು ನಂಬಿ ಕೆಲಸ ಕೊಟ್ಟವರು ಊರಿನ ಟಾಕೀಸಿನ ಯಜಮಾನರಾದ ಗಂಗಾಧರಯ್ಯ. ಆಂಪ್ಲಿಫೈಯರ್ ಕೆಡಲಿ, ಪರದೆಯ ಹಿಂದಿನ ಸ್ಪೀಕರ್ ಹರಿಯಲಿ, ನನಗೇ ಹೇಳಿ ಕಳಿಸುತ್ತಿದ್ದರು. ಅವರ ಟಾಕೀಸಿಗೆ ಹೋಗಿ ಬರುವವನೆಂದರೆ ಊರಿನಲ್ಲಿ ಒಂದು ಬೆಲೆ ಇತ್ತು.

ನನಗೆ ಹತ್ತಿರದ ಇನ್ನೊಬ್ಬನೆಂದರೆ ಗೆಳೆಯ ಲೋಕೇಶ. ತಿಪಟೂರಿನಲ್ಲಿ ಐಟಿಐ ಓದುವಾಗ ನನ್ನ ಪಕ್ಕದಲ್ಲಿ ಕೂತವನು. ಅವನ ಮನೆಯ ಬುತ್ತಿಯನ್ನು ನಾನು ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಓದು ಮುಗಿದ ಮೇಲೆ ಅವನು ಕೇಬಲ್ ಟಿವಿ ಹಾಕಿ, ತೆಂಗಿನ ಮರದಿಂದ ಮರಕ್ಕೆ ವೈರು ಎಳೆದು ಇಡೀ ಊರಿಗೆ ಚಾನೆಲ್ ಕೊಡುತ್ತಿದ್ದ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಲೋಕೇಶ ಅಂಗಡಿಗೆ ಬಂದ. ಅವನ ತಂದೆ ಸಿದ್ದಪ್ಪನವರು ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದ ಸಂಗತಿ ನನಗೆ ಗೊತ್ತಿತ್ತು.

"ನಮ್ಮಪ್ಪಂಗೆ ಪಿಕ್ಚರ್ ಹುಚ್ಚು ಅಂತ ನಿಂಗೆ ಗೊತ್ತಲ್ಲ ಶಿವಣ್ಣ. ಶುಕ್ರವಾರ ಬಂದ್ರೆ ಟಾಕೀಸಿಗೆ ಹೋಗ್ಲೇಬೇಕು ಅನ್ನೋನು ಈಗ ಗೋಡೆ ನೋಡ್ಕಂಡು ಬಿದ್ದವ್ನೆ. ನಮ್ಮ ನೆಂಟ್ರು ಹುಡುಗ ಒಂದು ಲ್ಯಾಪ್‌ಟಾಪ್ ಕೊಟ್ಟವ್ನೆ, ಪಿಕ್ಚರ್ ಎಲ್ಲಾ ಅದ್ರಲ್ಲೇ ಐತೆ. ಟಿವಿಗೆ ಹಾಕಿದ್ರೆ ಬಣ್ಣನೇ ಬರಾಕಿಲ್ಲ ಕಣ್ಲಾ. ಬಂದು ಒಸಿ ನೋಡು."

ಆಗ ನಮ್ಮೂರಿನಲ್ಲಿ ಲ್ಯಾಪ್‌ಟಾಪ್ ಎಂದರೆ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕಾಣುವ ವಸ್ತು. ಅದನ್ನು ಟಿವಿಗೆ ಜೋಡಿಸುವುದನ್ನು ಬೆಂಗಳೂರಿನಲ್ಲಿ ಬಿಡಿಭಾಗ ತರಲು ಹೋದಾಗ ಒಮ್ಮೆ ನೋಡಿದ್ದೆ, ಅಷ್ಟೆ. ಮಾಡಿ ನೋಡಬೇಕೆಂಬ ಆಸೆ ನನಗೂ ಇತ್ತು. ಅಂದೇ ಮಧ್ಯಾಹ್ನ ಸಂಪಿಗೆ ರಸ್ತೆಯಲ್ಲಿದ್ದ ಅವರ ತೋಟದ ಮನೆಗೆ ಹೋದೆ.

ಈಗಿನಂತೆ ಒಂದೇ ವೈರಿನಲ್ಲಿ ಚಿತ್ರವೂ ಶಬ್ದವೂ ಹೋಗುವ ಕಾಲ ಅದಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಸ್-ವಿಡಿಯೊ ಎಂಬ ದುಂಡನೆಯ ತೂತು ಇರುತ್ತಿತ್ತು. ಅಲ್ಲಿಂದ ಹೊರಟ ವೈರಿನ ಇನ್ನೊಂದು ತುದಿಯ ಹಳದಿ ಪಿನ್ನನ್ನು ಟಿವಿಯ ಹಿಂದೆ ಸಿಕ್ಕಿಸಬೇಕು. ಶಬ್ದಕ್ಕೆ ಇಯರ್‌ಫೋನ್ ತೂತಿನಿಂದ ಬೇರೆ ವೈರು. ಇಷ್ಟನ್ನು ಲೋಕೇಶನೇ ಮಾಡಿಕೊಂಡಿದ್ದ. ಆದರೆ ಚಿತ್ರ ಕಪ್ಪುಬಿಳುಪಾಗಿ ಬಂದು ಮೇಲಕ್ಕೆ ಉರುಳುತ್ತಿತ್ತು. ಲ್ಯಾಪ್‌ಟಾಪು ಅಮೆರಿಕದ ಟಿವಿಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಚಿತ್ರ ಕಳಿಸುತ್ತಿತ್ತು, ನಮ್ಮ ಟಿವಿಗಳಿಗೆ ಬೇಕಾದದ್ದು ಪಾಲ್ ಪದ್ಧತಿ. ಸೆಟ್ಟಿಂಗಿನ ಒಳಗೊಳಗೆ ಹುಡುಕಿ ಅದನ್ನು ಬದಲಿಸಿದೆ. ಪರದೆ ಒಮ್ಮೆ ಕಪ್ಪಾಗಿ, ಕೂಡಲೇ ಬಣ್ಣ ತುಂಬಿಕೊಂಡು ನಿಂತಿತು.

ಯಾವುದೋ ಹಳೆಯ ಪೌರಾಣಿಕ ಚಿತ್ರ. ಸಿದ್ದಪ್ಪನವರು ದಿಂಬಿನಿಂದ ತಲೆ ಎತ್ತಿದರು. "ಅಲ್ ನೋಡೇ, ಕಿರೀಟ ಹೆಂಗೆ ಹೊಳೀತೈತೆ!" ಎಂದು ಹೆಂಡತಿಯನ್ನು ಕೂಗಿದರು. ಆ ಮುಖ ನೋಡಿದ ಮೇಲೆ ನನಗೆ ಕೂಲಿ ಕೇಳಲು ಮನಸ್ಸಾಗಲಿಲ್ಲ. ಲೋಕೇಶ ಮಾತ್ರ ಚಿತ್ರ ನೋಡುತ್ತಿರಲಿಲ್ಲ. ಸೆಟ್ಟಿಂಗನ್ನು ಮತ್ತೆ ಮತ್ತೆ ತೋರಿಸು ಎಂದು ನನ್ನ ಪಕ್ಕದಲ್ಲೇ ಕೂತಿದ್ದ. "ನಾನಿಲ್ದಾಗ ಕೆಟ್ರೆ ನಮ್ಮಪ್ಪಂಗೆ ಯಾರು ಹಾಕ್ಕೊಡ್ತಾರೆ?" ಎಂದ. ಮಗನೆಂದರೆ ಹೀಗಿರಬೇಕು ಎಂದುಕೊಳ್ಳುತ್ತಾ ಕಾಫಿ ಕುಡಿದು ಬಂದೆ.

ಆ ವಾರದ ಶುಕ್ರವಾರ ಗಂಗಾಧರಯ್ಯನವರ ಟಾಕೀಸಿಗೆ ದೊಡ್ಡ ಹೊಸ ಚಿತ್ರ ಬಂತು. ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ತುರುವೇಕೆರೆಯಲ್ಲೂ ಹಾಕುವುದು ಅವರ ಬಹುದಿನದ ಆಸೆಯಾಗಿತ್ತು. ಹಂಚಿಕೆದಾರರ ಹತ್ತಿರ ಓಡಾಡಿ, ಸಾಲ ಮಾಡಿ ತಂದಿದ್ದರು. ಮೊದಲ ದಿನ ಟಾಕೀಸು ತುಂಬಿತ್ತು.

ಭಾನುವಾರ ನಾನು ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋದೆ. ಜನ ಗೋಡೆಗೆ ಒರಗಿಕೊಂಡು ಟಿವಿ ನೋಡುತ್ತಿದ್ದರು. "ಟಾಕೀಸಿಗ್ಯಾಕೆ ದುಡ್ಡು ಹಾಕೋದು ಬುಡಣ್ಣ, ಕೇಬಲ್‌ನಾಗೇ ಹೊಸ ಪಿಕ್ಚರ್ ಬತ್ತಾ ಐತೆ," ಎಂದು ಹೋಟೆಲಿನವನು ನಕ್ಕ. ಡಿವಿಡಿ ಹಾಕಿರಬೇಕೆಂದು ತಲೆ ಎತ್ತಿದೆ. ನಾಯಕಿಯ ಮುಖದ ಮೇಲೆ ಪುಟ್ಟ ಬಿಳಿ ಬಾಣವೊಂದು ಹರಿದುಬಂತು, ಅತ್ತಿತ್ತ ಓಡಾಡಿ ಮೂಲೆಗೆ ಹೋಗಿ ಮಾಯವಾಯಿತು.

ಹೋಟೆಲಿನಲ್ಲಿ ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಅದು ಲ್ಯಾಪ್‌ಟಾಪಿನ ಮೌಸಿನ ಬಾಣ. ಕಳ್ಳ ಪ್ರತಿ ಕಂಪ್ಯೂಟರ್ ಫೈಲಾಗಿ ಬಂದಿದೆ, ಡಿವಿಡಿ ಪ್ಲೇಯರಿನಲ್ಲಿ ಓಡಿಲ್ಲ. ಹೊಸ ಚಿತ್ರ ಬರುವ ಮುಂಚೆಯೇ ಲೋಕೇಶ ಲ್ಯಾಪ್‌ಟಾಪನ್ನು ಕೇಬಲ್ಲಿಗೆ ಹಾಕಿ ನೋಡಿದ್ದಾನೆ, ಬಣ್ಣ ಬಂದಿಲ್ಲ. ಅದಕ್ಕೆ ನಾನು ಬೇಕಾಗಿದ್ದೆ. ಟೀ ಲೋಟ ಹಾಗೇ ಇಟ್ಟು ಎದ್ದೆ.

ಲೋಕೇಶನ ಕಂಟ್ರೋಲ್ ರೂಮ್ ಎಂದರೆ ಡಿಶ್‌ಗಳ ಕೆಳಗಿನ ಒಂದು ಸಣ್ಣ ಕೋಣೆ. ಬಾಗಿಲು ತಳ್ಳಿದರೆ ಎದುರಿಗೇ ಆ ಲ್ಯಾಪ್‌ಟಾಪು. ಅದರ ವೈರು ಮಾಡ್ಯುಲೇಟರಿಗೆ, ಅಂದರೆ ಚಿತ್ರವನ್ನು ಚಾನೆಲ್ ಮಾಡಿ ಊರಿಗೆ ಕಳಿಸುವ ಪೆಟ್ಟಿಗೆಗೆ ಹೋಗಿತ್ತು.

"ಏನ್ಲಾ ಇದು?" ಎಂದೆ.

"ಒಂದ್ಸಲ ಕಣ್ಲಾ, ಬುಡು. ಜನ ಡಿಶ್ ಹಾಕಿಸ್ಕಂಡು ನನ್ ಕೇಬಲ್ ಕೀಳಿಸ್ತಾವ್ರೆ. ನಾನೂ ಬದುಕಬೇಕಲ್ಲ."

"ನಿಮ್ಮಪ್ಪಂಗೆ ಅಂದ್ಯಲ್ಲೋ!"

ನಾನು ಕೈ ಹಾಕಿ ಮಾಡ್ಯುಲೇಟರಿನಿಂದ ಹಳದಿ ಪಿನ್ ಕಿತ್ತೆ. ಅದೇ ಹೊತ್ತಿಗೆ ಹಿಂದೆ ಬೂಟಿನ ಸದ್ದಾಯಿತು. ಇಬ್ಬರು ಪೊಲೀಸರು, ಅವರ ಹಿಂದೆ ಗಂಗಾಧರಯ್ಯ. ನನ್ನ ಕೈಯಲ್ಲಿ ವೈರಿತ್ತು.

"ಸೆಟ್ಟಿಂಗ್ ಎಲ್ಲಾ ಇವ್ನೇ ಮಾಡ್ಕೊಟ್ಟಿದ್ದು ಸಾರ್," ಎಂದ ಲೋಕೇಶ. "ಲ್ಯಾಪ್‌ಟಾಪ್ ಬಗ್ಗೆ ನಂಗೇನ್ ಗೊತ್ತು? ಬೇಕಾದ್ರೆ ಅವ್ನನ್ನೇ ಕೇಳಿ."

ಸೆಟ್ಟಿಂಗ್ ಮಾಡಿದ್ದು ನಾನೇ. ಅವನಿಗೆ ಗೊತ್ತಿರಲಿಲ್ಲ ಎಂಬುದೂ ನಿಜವೇ. ಅಲ್ಲಗಳೆಯಲು ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಹದಿನೈದು ವರ್ಷಗಳ ಗೆಳೆಯ ನನ್ನ ಮುಖ ನೋಡಿಕೊಂಡೇ ಇದನ್ನು ಹೇಳಿದ.

"ನೀನಾ ಶಿವಣ್ಣ?" ಎಂದರು ಗಂಗಾಧರಯ್ಯ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡು, ಕರೆದಾಗ ಬರಬೇಕು ಎಂದು ಕಳಿಸಿದರು. ಊರಿಗೆ ಅಷ್ಟು ಸಾಕಾಗಿತ್ತು. ಅಂಗಡಿಯಲ್ಲಿದ್ದ ಟಾಕೀಸಿನ ಆಂಪ್ಲಿಫೈಯರನ್ನು ಯಾರೋ ಬಂದು ರಿಪೇರಿಗೂ ಕಾಯದೆ ಎತ್ತಿಕೊಂಡು ಹೋದರು. ನನ್ನ ಹೆಂಡತಿ ಹಾಲಿನ ಡೈರಿಗೆ ಹೋಗುವುದನ್ನು ನಿಲ್ಲಿಸಿದಳು.

ಕೊನೆಗೆ ತಡೆಯಲಾರದೆ, ಲೋಕೇಶನನ್ನು ಅವನ ತಂದೆಯ ಎದುರೇ ಕೇಳಬೇಕೆಂದು ತೋಟದ ಮನೆಗೆ ಹೋದೆ. ಅವನಿರಲಿಲ್ಲ. ಸಿದ್ದಪ್ಪನವರು ಒಬ್ಬರೇ ಮಲಗಿದ್ದರು. ಮನೆಯವರು ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ.

"ಬಾರಪ್ಪ ಶಿವಣ್ಣ. ಆವತ್ತು ನೀನು ಅತ್ಲಾಗೆ ಹೋದೆ, ಇವ್ನು ಇತ್ಲಾಗೆ ಎಲ್ಲಾ ಬಿಚ್ಕಂಡು ಹೋದ ಕಣಪ್ಪ. ನೆಂಟ್ರಿಗೆ ವಾಪಸ್ ಕೊಡ್ಬೇಕು ಅಂದ. ಅರ್ಧ ಪಿಕ್ಚರೂ ನೋಡ್ಲಿಲ್ಲ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಹೇಳದೆ ಹೊರಡಲು ಆಗಲಿಲ್ಲ. ಅವರು ಮೊಣಕೈ ಊರಿ ದಿಂಬಿನಿಂದ ತಲೆ ಎತ್ತಿದರು. ಆಮೇಲೆ, "ಯಜಮಾನ್ರನ್ನ ಒಂದ್ಗಳಿಗೆ ಬರಾಕೆ ಹೇಳು. ಸಿದ್ದಪ್ಪ ಕರೀತವ್ನೆ ಅನ್ನು," ಎಂದರು.

ಗಂಗಾಧರಯ್ಯ ಬಂದರು. ಪ್ರತಿ ಶುಕ್ರವಾರ ಟಾಕೀಸಿನ ಬಾಗಿಲಲ್ಲಿ ಕಾಣುತ್ತಿದ್ದ ಮನುಷ್ಯ ಕರೆದಾಗ ಬರುವುದಿಲ್ಲ ಎನ್ನಲು ಅವರಿಗಾಗಲಿಲ್ಲ. ಸಿದ್ದಪ್ಪನವರು ಅವರ ಕೈ ಹಿಡಿದುಕೊಂಡರು.

"ನನ್ ಮಗ ನನ್ ಮುರಿದ ಸೊಂಟ ತೋರ್ಸಿ ಇವನ್ನ ಕರ್ಕಂಡ್ ಬಂದ ಕಣ್ರೀ. ಇವನು ನನಗೋಸ್ಕರ ಬಂದಿದ್ದ. ಪೊಲೀಸ್ನೋರು ಇಲ್ಲಿಗೇ ಬರ್ಲಿ, ಅವ್ರ ಮುಂದೂ ಇದ್ನೇ ಹೇಳ್ತೀನಿ."

ಸ್ವಂತ ಮಗನ ವಿರುದ್ಧ ಆ ಮಾತು ಆಡುವಾಗಲೂ ಅವರು ಹಿಡಿದ ಕೈ ಬಿಡಲಿಲ್ಲ. ಮೋಸ ಹೋದವನು ನಾನೊಬ್ಬನೇ ಎಂದುಕೊಂಡು ಆ ಮನೆಗೆ ಹೋಗಿದ್ದೆ.

ಸಿದ್ದಪ್ಪನವರು ಪೊಲೀಸರಿಗೂ ಹಾಗೆಯೇ ಹೇಳಿದರು. ಕೇಸಿನಿಂದ ನನ್ನ ಹೆಸರು ಕೈಬಿಟ್ಟರು. ಲೋಕೇಶ ಕೆಲವು ವರ್ಷ ಕೋರ್ಟಿಗೆ ಅಲೆದು ದಂಡ ಕಟ್ಟಿದ. ಗಂಗಾಧರಯ್ಯ ಮತ್ತೆ ಕೆಲಸ ಕೊಟ್ಟರು, ಆದರೆ ಚಿತ್ರದ ರೀಲುಗಳಿದ್ದ ಆಪರೇಟರ್ ಕೋಣೆಗೆ ನಾನು ಹೋದಾಗಲೆಲ್ಲ ಜೊತೆಗೆ ಯಾರನ್ನಾದರೂ ಕಳಿಸುತ್ತಿದ್ದರು.

ಸಿದ್ದಪ್ಪನವರು ತೀರಿಕೊಂಡ ಮೇಲೆ ಲೋಕೇಶ ಒಮ್ಮೆ ಅಂಗಡಿಗೆ ಬಂದಿದ್ದ. "ಹಳೇದೆಲ್ಲಾ ಬುಡ್ಲಾ. ನೀನೇನ್ ಜೈಲಿಗೆ ಹೋದ್ಯಾ?" ಎಂದ.

"ನಿಜ ಹೇಳಿ ಕೇಳಿದ್ರೆ ನಾನು ಬರ್ತಿದ್ನಾ?" ಎಂದೆ.

"ಬತ್ತಿರ್ಲಿಲ್ಲ ಕಣ್ಲಾ. ಅದಕ್ಕೇ ಹೇಳ್ಲಿಲ್ಲ," ಎಂದ, ಬಹಳ ಸಹಜವಾಗಿ.

ನಮ್ಮದು ಕರೆದವರ ಮಾತು ನಂಬಿ, ಚಪ್ಪಲಿ ಬಿಟ್ಟು ಮನೆಯೊಳಗೆ ಕಾಲಿಡುವ ವೃತ್ತಿ. ಪ್ರತಿ ಮನೆಯ ಬಾಗಿಲಲ್ಲೂ ಅನುಮಾನಿಸಿ ನಿಂತರೆ ರಿಪೇರಿ ಮಾಡಲು ಆಗುವುದಿಲ್ಲ. ಆದ್ದರಿಂದ ಅಂಗಡಿ ಮುಚ್ಚುವವರೆಗೂ ಗೊತ್ತಿಲ್ಲದವರ ಮನೆಗಳಿಗೆ ಮೊದಲಿನಂತೆಯೇ ಹೋದೆ. ಗುರುತಿದ್ದವರು ಕರೆದಾಗ ಮಾತ್ರ ಕಾಲು ಹಿಂಜರಿಯುತ್ತಿತ್ತು. ನಾನು ಯಾವ ಮಾತಿಗೆ ಕರಗುತ್ತೇನೆ ಎಂಬುದು ಗೊತ್ತಿದ್ದದ್ದು ಅವರಿಗೇ ತಾನೆ.