ಗರಗಸದ ಉಸಿರು ತಿದ್ದುವ ಕೈ

ಬೆಳಕು ಹರಿಯುವ ಹೊತ್ತಿಗೆ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಣ್ಣ ಗ್ರೈಂಡರ್ ಗುಂಯ್‌ಗುಡತೊಡಗುತ್ತದೆ. ಮೂಗಿನ ತುದಿಗೆ ಜಾರಿದ ಕನ್ನಡಕ, ಅಂಗೈಯಲ್ಲಿ ಮರ ಕೊಯ್ಯುವ ಯಂತ್ರಗರಗಸದ ಸಿಲಿಂಡರ್. ಚೂರು ಸವೆಸಿ, ನಿಲ್ಲಿಸಿ, ಕಿರುಬೆರಳು ಒಳಗೆ ತೂರಿಸಿ ಸವರಿ ನೋಡುತ್ತಾರೆ ಅರದಣ್ಣ. ಸದಾ ಅರ ಉಜ್ಜುತ್ತಿರುವುದಕ್ಕೆ ಊರಿಟ್ಟ ಹೆಸರದು; ನಿಜವಾದ ಹೆಸರು ಗೊತ್ತಿರುವುದು ಕರೆಂಟ್ ಬಿಲ್ಲು ಕೊಡುವವನಿಗೆ ಮಾತ್ರ.

"ಇದಕ್ಕೂ ನಮ್ ಥರಾನೇ ಉಸಿರಾಟ ಇದೆ. ಒಳಗೋಡೇಲಿ ಕಿಂಡಿಗಳಿವೆ ನೋಡಿ, ಪೋರ್ಟು ಅಂತೀವಿ. ಒಂದ್ರಲ್ಲಿ ಪೆಟ್ರೋಲು ಗಾಳಿ ಬರುತ್ತೆ, ಇನ್ನೊಂದ್ರಲ್ಲಿ ಹೊಗೆ ಹೋಗುತ್ತೆ. ಕಿಂಡಿ ತಿದ್ದಿದ್ರೆ ಗರಗಸ ದಮ್ಮು ಕಟ್ಟಲ್ಲ."

ಇಪ್ಪತ್ತೆರಡು ವರ್ಷ ಮರದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ಲು ಬಾಗಿಲು ಹಾಕಿದಾಗ ಹೆಂಡತಿಯ ಹೊಲಿಗೆ ಮಿಷನ್ನೇ ಮನೆ ನಡೆಸಿತು. ಇವರು ಈ ಕೆಲಸಕ್ಕೆ ಕೈ ಹಾಕಿ ತಿದ್ದಿದ ಮೊದಲ ಗರಗಸವೇ ಕೆಟ್ಟಿತು. ಆಸೆಗೆ ಬಿದ್ದು ಕಿಂಡಿಯನ್ನು ಜಾಸ್ತಿ ಅಗಲಿಸಿದ್ದರು. "ಸದ್ದು ಹುಲೀದು, ಎಳೆತ ಇಲೀದು!" ಆಮೇಲೆ ಗುಜರಿಯ ನಲವತ್ತು ಸಿಲಿಂಡರುಗಳ ಮೇಲೆ ಕೈ ಪಳಗಿಸಿಕೊಂಡರು. ಈಗ ಒಂದೊಂದಕ್ಕೆ ಆರು ತಾಸು ಹಿಡಿಯುತ್ತದೆ. ಹೊಗೆ ಕಿಂಡಿಯನ್ನು ಎತ್ತರಿಸುವುದು ಬರೀ ಅರ್ಧ ಮಿಲಿಮೀಟರ್. ಕೊನೆಗೆ ಕಿಂಡಿಯಂಚಿನ ಚೂಪು ಮೊನೆಯನ್ನು ಅರದಿಂದ ಸವರಿ ನುಣ್ಣಗಾಗಿಸಲೇಬೇಕು. ಇಲ್ಲದಿದ್ದರೆ ಪಿಸ್ಟನ್ನಿನ ರಿಂಗು ಸಿಕ್ಕಿ ಮುರಿದು, ಕೊಯ್ಯುವ ನಡುವೆಯೇ ಗರಗಸ ನಿಲ್ಲುತ್ತದೆ.

ಹೋದ ತಿಂಗಳು ಆ ಮೊನೆಯೇ ಅವರ ಜೀವ ಹಿಂಡಿತು. ಮರ ಕೊಯ್ಯುವ ಅಳಿಯನ ಗರಗಸವನ್ನು ಸಂಜೆ ತಿದ್ದಿ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ತಟ್ಟನೆ ಅನುಮಾನ ಬಂತು: ಅಂಚು ಸವರಿದ್ದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅಳಿಯ ಫೋನ್ ಎತ್ತಲಿಲ್ಲ. ಬಾಯಿ ಮುಕ್ಕಳಿಸಿದವರೇ ಸೈಕಲ್ ಹತ್ತಿದರು.

ಅಳಿಯ ಅಂದು ಮರ ಕೊಯ್ಯಬೇಕಿದ್ದ ಜಾಗಕ್ಕೆ ನಾಲ್ಕು ಕಿಲೋಮೀಟರ್ ತುಳಿದು ಹೋದರೆ, ಮನೆಯೊಂದರ ಹೆಂಚಿನ ಮಾಡಿನ ಕಡೆ ವಾಲಿದ ದೊಡ್ಡ ಮರ ಆಗಲೇ ಅರ್ಧ ಕೊಯ್ದಾಗಿತ್ತು. ಈಗ ಗರಗಸ ನಿಂತರೆ ಮರ ಎತ್ತ ಬೀಳುವುದೋ ಯಾರಿಗೂ ಗೊತ್ತಿಲ್ಲ. ಕೂಗಿ ನಿಲ್ಲಿಸುವ ಹಾಗೂ ಇಲ್ಲ. ಅರದಣ್ಣ ಗರಗಸದ ಸದ್ದಿಗೆ ಕಿವಿಗೊಟ್ಟು ನಿಂತರು. ಗರಗಸ ಒಂದೇ ಸಮ ಎಳೆಯಿತು. ಹಗ್ಗ ಕಟ್ಟಿದ್ದ ಬಯಲಿನ ಕಡೆಗೇ ಮರ ಮಲಗಿತು.

ಇಂಜಿನ್ ತಣಿಯುವಷ್ಟರಲ್ಲೇ ಸೈಲೆನ್ಸರ್ ಬಿಚ್ಚಿ, ಹೊಗೆ ಕಿಂಡಿಗೆ ಟಾರ್ಚ್ ಬೆಳಕು ಬಿಟ್ಟು ಇಣುಕಿದರು. ಅಂಚು ನುಣ್ಣಗಿತ್ತು. ಮರೆತದ್ದು ತಲೆ, ಕೈಯಲ್ಲ. ಬಿದ್ದ ಮರದ ಮೇಲೆಯೇ ಕೂತರು.

"ಏನ್ ಮಾವ, ತಿಂಡಿನೂ ತಿನ್ನದೆ ಓಡಿ ಬಂದ್ರಾ?" ಅಳಿಯ ಕೇಳಿದ.

"ಈಗ ನೋಡಿ ಹಸಿವಾಗ್ತಿರೋದು," ಎಂದು ನಕ್ಕುಬಿಟ್ಟರು.

ಅಂದಿನಿಂದ ಯಾವ ಗರಗಸ ಹೊಸ್ತಿಲು ದಾಟುವುದಿದ್ದರೂ ಹೊಲಿಗೆ ಮಿಷನ್ ನಿಲ್ಲಿಸಿ ಹೆಂಡತಿ ಕೇಳುತ್ತಾರೆ: "ಅಂಚು ಸವರಿದ್ರೇನ್ರೀ?" ಸವರಿದ್ದರೂ ಇನ್ನೊಮ್ಮೆ ಬೆರಳಾಡಿಸಿಯೇ ಇವರ ಉತ್ತರ.

ನಿಮ್ಮ ಆಸೆ ಏನು ಎಂದರೆ ಕನ್ನಡಕ ಒರೆಸುತ್ತಾ ಹೇಳುತ್ತಾರೆ: "ಮರ ಕೊಯ್ಯೋರು ಸಂಜೆ ಮನೆಗೆ ಬಂದು ಉಣ್ಣೋಕೆ ಕೂರ್ತಾರಲ್ಲ, ಆಗ ಗರಗಸದ ಮಾತೇ ಬರಬಾರ್ದು. ಬರ್ಲಿಲ್ಲ ಅಂದ್ರೆ ನನ್ ಕೆಲ್ಸ ಸರಿಯಾಗಿದೆ ಅಂತ."