ಚಿಕ್ಕಮ್ಮನ ಚೀಲದ ಒರಿಜಿನಲ್

ಚಿಕ್ಕಮ್ಮನದು ಒಂದೇ ಹಟ: ಒರಿಜಿನಲ್ ಕಾಗದ ಯಾರ ಕೈಗೂ ಹೋಗಬಾರದು. ಬ್ಯಾಂಕಿನವರು ಕೇಳಲಿ, ಶಾಲೆಯವರು ಕೇಳಲಿ, ಕೊಡುವುದು ಜೆರಾಕ್ಸೇ. ಜಪ್ಪಯ್ಯ ಅಂದರೂ ಬೀರು ತೆರೆಯುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಟರೆ ಮಾತ್ರ ಒರಿಜಿನಲ್‌ಗಳೂ ಆಕೆಯ ಚೀಲದಲ್ಲಿ ಹೊರಡುತ್ತಿದ್ದವು.

ಆಕೆ ಎರಡನೇ ಹೆಂಡತಿಯಾಗಿ ಬಂದಾಗ ಮೊದಲ ಹೆಂಡತಿಯ ಮಗನಿಗೆ ಇನ್ನೂ ಹಾಲುಹಲ್ಲು. "ಎಷ್ಟ್ ಮಾಡಿದ್ರೂ ನೀನು ಜೆರಾಕ್ಸ್ ತಾಯಿ ಕಣೇ" ಎಂದು ಓರಗಿತ್ತಿ ನಕ್ಕಿದ್ದಳು. ಚಿಕ್ಕಮ್ಮನೂ ನಕ್ಕಳು. ಆ ಮಾತನ್ನು ಮಾತ್ರ ಮರೆಯಲಿಲ್ಲ.

ಗಂಡ ತೀರಿಕೊಂಡ. ಮಗ ಲಾರಿ ಗ್ಯಾರೇಜಿನ ಧಣಿಯಾದ. ಆದವನು ಸುಮ್ಮನಿರಬಾರದೇ? ನಾಲ್ಕು ಸೀಟಿನ ಹಳೇ ವಿಮಾನ ಕೊಂಡ, ಹಾರಿಸಲು ಲೈಸೆನ್ಸೂ ಪಡೆದ! ಚಿಕ್ಕಮ್ಮನ ಜೀವ ಬಾಯಿಗೆ ಬಂತು. ಬೈದಳು, ಅತ್ತಳು, ಊಟ ಬಿಟ್ಟಳು. ಅವನು ಕೇಳಬೇಕಲ್ಲ. ಕೊನೆಗೆ ಅವನ ಬಾಯಿಂದಲೇ ಗುಟ್ಟು ಹೊರಬಿತ್ತು: ವಿಮಾನದ ನೋಂದಣಿ ಪತ್ರ, ಹಾರಲು ಯೋಗ್ಯವೆಂಬ ಪ್ರಮಾಣಪತ್ರ, ಎಲ್ಲ ಒರಿಜಿನಲ್ಲೇ ಒಳಗಿರಬೇಕು, ಇಲ್ಲದಿದ್ದರೆ ನೆಲ ಬಿಡುವ ಹಾಗಿಲ್ಲ. ಅಯ್ಯೋ, ಇಷ್ಟೇನಾ! ಚಿಕ್ಕಮ್ಮ ಸದ್ದಿಲ್ಲದೆ ಬಣ್ಣದ ಜೆರಾಕ್ಸ್ ಮಾಡಿಸಿ ವಿಮಾನದ ಫೈಲಿಗೆ ಸೇರಿಸಿದಳು; ಒರಿಜಿನಲ್‌ಗಳು ಬೀರು ಸೇರಿದವು.

ಮೊದಲ ಹಾರಾಟದ ಬೆಳಿಗ್ಗೆ ತಪಾಸಣೆಯ ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದ. "ಏನ್ರೀ ಇದು, ಜೆರಾಕ್ಸು? ಒರಿಜಿನಲ್ ಇಲ್ದೆ ಬಿಡೋದಿಲ್ಲ."

ಮಗ ತಿರುಗಿ ನೋಡಿದ. ಕಳಿಸಿಕೊಡಲು ಬಂದಿದ್ದ ಚಿಕ್ಕಮ್ಮ ಏನೂ ಅರಿಯದವಳ ಹಾಗೆ ಮೋಡ ನೋಡುತ್ತಿದ್ದಳು.

"ಚಿಕ್ಕಮ್ಮಾ, ಎಲ್ಲಿಟ್ಟಿದ್ದೀಯ?"

"ನಂಗೇನಪ್ಪ ಗೊತ್ತು?"

"ಮನೆಗೆ ಬೀಗ ಹಾಕ್ಕೊಂಡ್ ಬಂದಿದ್ದೀಯಲ್ಲ! ಚೀಲ ತೆಗಿ."

ಸಿಕ್ಕಿಬಿದ್ದಳು ನೋಡಿ! ಚೀಲವನ್ನು ಎದೆಗೆ ಅವುಚಿಕೊಂಡಳು. "ಕೊಡಲ್ಲ ಕಣೋ. ನೀನು ಬಿದ್ಗಿದ್ರೆ ನಾನೇನ್ ಮಾಡ್ಲಿ? ನಂಗಿರೋದು ನೀನೊಬ್ನೇ."

ಮಗನಿಗೆ ಬಂದ ಸಿಟ್ಟು ಅಲ್ಲೇ ಇಳಿಯಿತು. "ಕೊಡ್ಬೇಡ ಬಿಡು. ಚೀಲದ ಜೊತೆ ನೀನೇ ಹತ್ತು."

ಬಿದ್ದರೆ ಇಬ್ಬರೂ ಬೀಳೋಣ ಎಂದುಕೊಂಡು ಹತ್ತಿದಳು. ಅಧಿಕಾರಿ ಆಕೆಯ ತೊಡೆಯ ಮೇಲೆ ಬಗ್ಗಿಯೇ ಒಂದೊಂದು ಕಾಗದವನ್ನೂ ಓದಬೇಕಾಯಿತು. ಕೈಗೆ ಕೊಟ್ಟರೆ ತಾನೇ? ಓದಿ, ಬೆನ್ನು ನೀವಿಕೊಂಡು, ಪ್ರಯಾಣಿಕರ ಹೆಸರು ಬರೆದುಕೊಂಡ. ಚಿಕ್ಕಮ್ಮ ಆಗಲೇ ಕಣ್ಣು ಬಿಗಿಯಾಗಿ ಮುಚ್ಚಿದ್ದಳು.

"ಇವ್ರು ನಿಮಗೇನಾಗ್ಬೇಕು?"

"ತಾಯಿ ಸಾರ್," ಎಂದ ಮಗ. "ಒರಿಜಿನಲ್ಲು."

ಚಿಕ್ಕಮ್ಮ ಕಣ್ಣು ಬಿಟ್ಟಳು. ಒರೆಸಿಕೊಂಡು, "ಹೊರಡೋ ಮತ್ತೆ, ಎಷ್ಟೊತ್ತು ನಿಲ್ಲಿಸ್ಕೊಂಡಿರ್ತೀಯ?" ಎಂದು ಗದರಿದಳು.